ಊರ ಸೊಸೈಟಿ, ಮುಂಬೈ ಸೊಸೈಟಿ, ನಡುವೆ ಒಂದು ಜಾಮೀನು

ಅಪ್ಪ ಗದಗಿನ ಕಡೆಯ ನಮ್ಮೂರಿಂದ ಮುಂಬೈ ಹತ್ತಿರದ ಡೊಂಬಿವಲಿಗೆ ಬಂದಾಗಿನ ಮಾತು. ಭಾನುವಾರ ಬೆಳಿಗ್ಗೆ ನಾನು ಚಪ್ಪಲಿ ಮೆಟ್ಟಿಕೊಂಡು, “ಸೊಸೈಟಿ ಮೀಟಿಂಗ್ ಐತಿ, ಹೋಗಿ ಬರ್ತೀನಿ” ಅಂದೆ. ಪೇಪರಿನಿಂದ ಕಣ್ಣು ತೆಗೆಯದೆ ಅಪ್ಪ ಕೇಳಿದರು: “ಯೂರಿಯಾ ಬಂದೈತೇನು?”

ಅವರೇನೂ ತಮಾಷೆ ಮಾಡಿದ್ದಲ್ಲ. ಊರಲ್ಲಿ ಸೊಸೈಟಿ ಅಂದರೆ ಗೊಬ್ಬರ, ಬೀಜ, ಬೆಳೆಸಾಲ. ಒಂದು ಕಾಲಕ್ಕೆ ಸಕ್ಕರೆ, ಚಿಮಣಿ ಎಣ್ಣೆ. ಇಲ್ಲಿ ಸೊಸೈಟಿ ಅಂದರೆ ನೀರಿನ ಟ್ಯಾಂಕು, ಲಿಫ್ಟು, ಪಾರ್ಕಿಂಗ್ ಜಗಳ. ಸಂಜೆ ಅಪ್ಪನಿಗೆ ನಮ್ಮ ಮನೆಯ ಶೇರ್ ಸರ್ಟಿಫಿಕೇಟ್ ತೋರಿಸಿದೆ. 50 ರೂಪಾಯಿಯ ಐದು ಶೇರು, ಒಟ್ಟು 250. ಕನ್ನಡಕ ಏರಿಸಿ ನೋಡಿದರು. “ನಮ್ದೂ ಹಿಂಗ ಐತಿ” ಅಂದರು. ಆಮೇಲೆ ಕೇಳಿದರು: “ಇದಕ್ಕ ಜಾಮೀನು ಯಾರು ನಿಂತಾರ?” ಯಾರೂ ಇಲ್ಲ, ಬೇಕಾಗಿಲ್ಲ ಅಂದೆ. “ಜಾಮೀನಿಲ್ದ ಎಂಥಾ ಸೊಸೈಟಿ?”

ನನಗಾಗ ಉತ್ತರ ಗೊತ್ತಿರಲಿಲ್ಲ. ಹುಡುಕುತ್ತಾ ಹೋದರೆ ಊರ ಸೊಸೈಟಿಯ ಇಡೀ ಚರಿತ್ರೆ ಆ ಒಂದು ಪ್ರಶ್ನೆಯ ಸುತ್ತಲೇ ತಿರುಗುತ್ತದೆ. ದುಡ್ಡು ಎಲ್ಲಿಂದಾದರೂ ಬಂದೀತು. ಕೊಟ್ಟ ದುಡ್ಡಿಗೆ ಹೊಣೆ ಯಾರು?

ಮೊದಲು ತೊಂದರೆ ಏನಿತ್ತು ನೋಡೋಣ. ನಮ್ಮ ಕಡೆ ಎರೆಭೂಮಿ. ಮಳೆ ನಂಬಿ ಹತ್ತಿ ಬಿತ್ತಬೇಕು, ಬಿಡಿಸಿ ಮಾರುವ ಹೊತ್ತಿಗೆ ಐದಾರು ತಿಂಗಳು ಕಳೆದಿರುತ್ತದೆ. ಕೈಗೆ ದುಡ್ಡು ಬರುವುದು ವರ್ಷಕ್ಕೊಮ್ಮೆ, ಖರ್ಚು ಮಾತ್ರ ಪ್ರತಿ ವಾರ. ಆ ನಡುವಿನ ತಿಂಗಳುಗಳನ್ನು ದಾಟಿಸುತ್ತಿದ್ದವನು ಸಾವ್ಕಾರ. ಅವನನ್ನು ಬರೀ ಖಳನಾಯಕ ಮಾಡಿಬಿಡುವುದು ಸುಲಭ. ನಡುರಾತ್ರಿ ಹೋಗಿ ಬಾಗಿಲು ಬಡಿದರೂ ಎದ್ದು ದುಡ್ಡು ಕೊಡುವವನು ಅವನೊಬ್ಬನೇ ಇದ್ದ. ಅರ್ಜಿ ಇಲ್ಲ, ಫೋಟೋ ಇಲ್ಲ, ನಾಳೆ ಬಾ ಅನ್ನುವುದಿಲ್ಲ. ತಕರಾರು ಇದ್ದದ್ದು ಅವನ ಲೆಕ್ಕದ ಪುಸ್ತಕದಲ್ಲಿ. ಅದನ್ನು ಓದಲು ಬರುತ್ತಿದ್ದದ್ದೂ ಅವನೊಬ್ಬನಿಗೇ.

ಬ್ರಿಟಿಷರ ಕಾಲದಲ್ಲಿ ಇದು ಇನ್ನಷ್ಟು ಬಿಗಿಯಾಯಿತು. ಕಂದಾಯವನ್ನು ನಗದಿನಲ್ಲೇ ಕಟ್ಟಬೇಕು. ಹೊಲವನ್ನು ಮಾರಬಹುದು, ಒತ್ತೆ ಇಡಬಹುದು. ಬಾಂಡು ಹಿಡಿದು ಸಾವ್ಕಾರ ಕೋರ್ಟಿಗೆ ಹೋದರೆ ಹೊಲವೇ ಅವನ ಹೆಸರಿಗೆ ಬರಬಹುದು. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದ ಹತ್ತಿಯ ಬೆಲೆ ಆಕಾಶಕ್ಕೇರಿತು. ಧಾರವಾಡ ಕಡೆಯ ಹತ್ತಿ ಬಂಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಬೊಂಬಾಯಿಗೆ ಹೋಗುತ್ತಿದ್ದ ಕಾಲ ಅದು. ಸಾವ್ಕಾರರು ಕೇಳಿದಷ್ಟು ಸಾಲ ಕೊಟ್ಟರು. ಯುದ್ಧ ಮುಗಿಯಿತು, ಬೆಲೆ ಬಿತ್ತು. ಸಾಲ ಬೀಳಲಿಲ್ಲ.

1875ರ ಮೇ 12ರಂದು ಪುಣೆ ಜಿಲ್ಲೆಯ ಸುಪೆಯಲ್ಲಿ ರೈತರು ಸಾವ್ಕಾರರ ಅಂಗಡಿ, ಮನೆಗಳಿಗೆ ನುಗ್ಗಿದರು. ಇವತ್ತು ಬಾರಾಮತಿ ತಾಲೂಕಿನಲ್ಲಿರುವ ಊರು ಅದು. ಗಲಾಟೆ ಅಹ್ಮದ್‌ನಗರದ ಕಡೆಗೂ ಹಬ್ಬಿತು. ನನ್ನ ಗಮನ ಸೆಳೆದದ್ದು ಒಂದು ಸಂಗತಿ. ಜನರನ್ನು ಹೊಡೆದದ್ದು ಕಡಿಮೆ, ಕಾಗದ ಸುಟ್ಟದ್ದು ಜಾಸ್ತಿ. ಸಾಲದ ಬಾಂಡು ಕೊಡು ಅಂತ ಕೇಳುವುದು, ಕೊಟ್ಟರೆ ಬೆಂಕಿಗೆ ಹಾಕುವುದು, ಹೊರಡುವುದು. ಸಿಟ್ಟು ಯಾವುದರ ಮೇಲಿತ್ತು ಅಂತ ರೈತರಿಗೆ ಸರಿಯಾಗಿ ಗೊತ್ತಿತ್ತು.

ಸರ್ಕಾರ ಎಚ್ಚೆತ್ತು 1879ರಲ್ಲಿ ದಖನ್ ರೈತರ ಪರಿಹಾರ ಕಾನೂನು ತಂದಿತು. ಸಾಲದ ಹಿಂದಿನ ಕಥೆಯನ್ನೆಲ್ಲ ಕೋರ್ಟು ಕೆದಕಿ ನೋಡಿ, ಅನ್ಯಾಯದ ಬಡ್ಡಿ ಕಡಿಯಬಹುದಿತ್ತು. ಹಳೇ ಸಾಲಕ್ಕೆ ಇದು ಸರಿ. ಆದರೆ ಬರುವ ಮುಂಗಾರಿಗೆ ಬೀಜದ ದುಡ್ಡು ಯಾರು ಕೊಡುತ್ತಾರೆ? ಅದಕ್ಕೆ ಅಂತ 1883 ಮತ್ತು 1884ರಲ್ಲಿ ತಗಾವಿ ಸಾಲದ ಎರಡು ಕಾನೂನು ಬಂದವು. ಸರ್ಕಾರವೇ ಸಾಲ ಕೊಡುವುದು. ಬಡ್ಡಿ ಕಡಿಮೆ, ಆದರೆ ಕಚೇರಿಗೆ ಅಲೆದು ಅಲೆದು ಚಪ್ಪಲಿ ಸವೆಯಬೇಕು. ವಸೂಲಿಯೂ ಕಂದಾಯದಂತೆಯೇ, ಕರುಣೆ ಇಲ್ಲದ್ದು. ಪುಣೆಯಲ್ಲಿ ನ್ಯಾಯಾಧೀಶರಾಗಿದ್ದ ವಿಲಿಯಂ ವೆಡ್ಡರ್‌ಬರ್ನ್ ಮತ್ತು ಮಹಾದೇವ ಗೋವಿಂದ ರಾನಡೆ ಅದೇ ಹೊತ್ತಿಗೆ ಪುರಂದರ ತಾಲೂಕಿಗೊಂದು ಕೃಷಿ ಬ್ಯಾಂಕು ಬೇಕು ಅಂತ ಯೋಜನೆ ಮಾಡಿದರು. ಭಾರತ ಸರ್ಕಾರ ಒಪ್ಪಿತು, ಲಂಡನ್ನು ಒಪ್ಪಲಿಲ್ಲ. ಅಲ್ಲಿಗೆ ಅದು ಮುಗಿಯಿತು.

ಹಾದಿ ಸಿಕ್ಕಿದ್ದು ಮದ್ರಾಸಿನಿಂದ. ಫ್ರೆಡರಿಕ್ ನಿಕೋಲ್ಸನ್ ಅನ್ನುವ ಅಧಿಕಾರಿ ಯುರೋಪಿನ ರೈತರು ಸಾಲಕ್ಕೆ ಏನು ಮಾಡುತ್ತಾರೆ ಅಂತ ನೋಡಿಬಂದು 1895 ಮತ್ತು 1897ರಲ್ಲಿ ಎರಡು ದಪ್ಪ ಸಂಪುಟಗಳ ವರದಿ ಕೊಟ್ಟರು. ಅದರ ತಿರುಳು ಎರಡೇ ಪದ: ರೈಫೈಸನ್‌ನನ್ನು ಹುಡುಕಿ.

ಯಾರು ಈ ರೈಫೈಸನ್? ಜರ್ಮನಿಯ ಸಣ್ಣ ಹಳ್ಳಿಗಳಲ್ಲಿ ಮೇಯರ್ ಆಗಿದ್ದವನು, ಅಂದರೆ ಹೆಚ್ಚೂಕಡಿಮೆ ನಮ್ಮ ಪಂಚಾಯತಿ ಅಧ್ಯಕ್ಷ. 1846-47ರ ಹಸಿವಿನ ಚಳಿಗಾಲದಲ್ಲಿ ಉಳ್ಳವರಿಂದ ದುಡ್ಡು ಕೂಡಿಸಿ ಬಡವರಿಗೆ ಹಿಟ್ಟು, ರೊಟ್ಟಿ ಹಂಚಿಸಿದ. ದಾನ ಬಹಳ ದಿನ ನಡೆಯುವುದಿಲ್ಲ ಅಂತ ಅವನಿಗೆ ಅರ್ಥವಾಯಿತು. 1864ರಲ್ಲಿ ಹೆಡ್ಡೆಸ್‌ಡಾರ್ಫ್ ಎಂಬಲ್ಲಿ ಸಾಲ ಬೇಕಾದವರೇ ಸೇರಿ ನಡೆಸುವ ಸಂಘ ಕಟ್ಟಿದ. ಸಂಘ ಒಂದೇ ಊರಿನದಾಗಿರಬೇಕು. ನಡೆಸುವವರಿಗೆ ಸಂಬಳ ಇಲ್ಲ. ಲಾಭ ಹಂಚುವುದಿಲ್ಲ, ಗಂಟಿಗೆ ಸೇರಿಸುವುದು. ಮತ್ತೆ ಮುಖ್ಯವಾದದ್ದು, ಸಂಘದ ಸಾಲಕ್ಕೆ ಪ್ರತಿ ಸದಸ್ಯನೂ ಪೂರ್ತಿ ಹೊಣೆ. ಅದನ್ನೇ ಅಪರಿಮಿತ ಹೊಣೆಗಾರಿಕೆ ಅನ್ನುತ್ತಾರೆ. ಈ ಪದ ಕೇಳಿ ಹೆದರಬೇಡಿ, ಅಪ್ಪ ಕೇಳಿದ ಜಾಮೀನು ಇದೇ.

ಒಂದು ಲೆಕ್ಕ ಹಾಕಿ ನೋಡೋಣ. ಊರಿನ ಇಪ್ಪತ್ತು ಜನ ಸೇರಿ ಸಂಘ ಕಟ್ಟಿದರು ಅನ್ನಿ. ಒಬ್ಬೊಬ್ಬನ ಹತ್ತಿರವೂ ಅರ್ಧಮರ್ಧ ಹೊಲ, ಒಂದು ಜೊತೆ ಎತ್ತು. ಒಬ್ಬನೇ ಪೇಟೆಗೆ ಹೋಗಿ ನೂರು ರೂಪಾಯಿ ಕೇಳಿದರೆ ಯಾರೂ ಕೊಡುವುದಿಲ್ಲ. ಇಪ್ಪತ್ತೂ ಜನ ಹೋಗಿ, “ನಮಗೆ ಎರಡು ಸಾವಿರ ಕೊಡಿ, ಯಾರೊಬ್ಬ ತಪ್ಪಿದರೂ ಉಳಿದವರು ತುಂಬುತ್ತೇವೆ, ನಮ್ಮೆಲ್ಲರ ಹೊಲ ಇದಕ್ಕೆ ಹೊಣೆ” ಅಂದರೆ ಕೊಡುವವನಿಗೆ ಧೈರ್ಯ ಬರುತ್ತದೆ. ಬಡ್ಡಿಯೂ ಇಳಿಯುತ್ತದೆ.

ಇಷ್ಟು ಮಾತ್ರವಾಗಿದ್ದರೆ ಅದೊಂದು ಒಳ್ಳೆಯ ಉಪಾಯ, ಅಷ್ಟೇ. ಅದರ ಒಳಗಿನ ಚಮತ್ಕಾರ ಬೇರೆ. ನನ್ನ ಪಕ್ಕದ ಹೊಲದವನು ಸಾಲ ಮುಳುಗಿಸಿದರೆ ನನ್ನ ಎತ್ತು ಹೋಗುತ್ತದೆ ಅಂತಾದ ಮೇಲೆ ನಾನು ಸುಮ್ನೆ ಕೂರುತ್ತೇನೆಯೇ? ಎತ್ತು ಕೊಳ್ಳಲು ಅಂತ ತೆಗೆದುಕೊಂಡ ದುಡ್ಡು ಎತ್ತಿಗೇ ಹೋಯಿತೋ, ಮಗಳ ಮದುವೆಯ ಚಪ್ಪರಕ್ಕೆ ಹೋಯಿತೋ ಅಂತ ನೋಡುತ್ತೇನೆ. ಕುಡಿಯುವವನಿಗೆ, ಜೂಜು ಆಡುವವನಿಗೆ ಸದಸ್ಯತ್ವ ಕೊಡುವಾಗಲೇ ಬೇಡ ಅನ್ನುತ್ತೇನೆ. ಸಾವ್ಕಾರನಿಗೆ ಊರಿನ ಬಗ್ಗೆ ಗೊತ್ತಿದ್ದ ಗುಟ್ಟುಗಳೆಲ್ಲ ನೆರೆಯವರಿಗೂ ಗೊತ್ತಿರುತ್ತವೆ. ಬ್ಯಾಂಕಿನ ಸಾಹೇಬನಿಗೆ ಎಂದೂ ಗೊತ್ತಾಗದ ಮಾಹಿತಿ ಅದು, ಖರ್ಚಿಲ್ಲದೆ ಸಿಗುವಂಥದ್ದು. ‘ಪತ್ತಿನ ಸಹಕಾರಿ ಸಂಘ’ ಅನ್ನುವ ಹೆಸರಿನಲ್ಲಿರುವ ಪತ್ತು ಕೂಡ ಇದೇ. ಇಲ್ಲಿಯ ಮರಾಠಿಯಲ್ಲಿ ‘ಪತ’, ಗಲ್ಲಿ ಗಲ್ಲಿಯ ‘ಪತಪೇಢಿ’. ಒಬ್ಬನ ಮೇಲೆ ಊರು ಇಟ್ಟಿರುವ ನಂಬಿಕೆಯೇ ಅವನ ಪತ್ತು.

1904ರಲ್ಲಿ ವೈಸರಾಯ್ ಕರ್ಜನ್ ಕಾಲದಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾನೂನು ಬಂದಾಗ ಈ ಲೆಕ್ಕವನ್ನೇ ಅದರಲ್ಲಿ ಇಟ್ಟರು. ಕನಿಷ್ಠ ಹತ್ತು ಜನ ಇದ್ದರೆ ಸಂಘ ನೋಂದಾಯಿಸಬಹುದು. ಐದರಲ್ಲಿ ನಾಲ್ಕು ಪಾಲು ಸದಸ್ಯರು ರೈತರಾಗಿದ್ದರೆ ಅದು ಗ್ರಾಮೀಣ ಸಂಘ. ಅಲ್ಲಿ ಹೊಣೆ ಅಪರಿಮಿತ, ಲಾಭವೆಲ್ಲ ಮೀಸಲು ನಿಧಿಗೆ. ಉಳಿದವು ಪಟ್ಟಣದ ಸಂಘಗಳು. ಅವಕ್ಕೆ ಹೊಣೆಯನ್ನು ಶೇರಿನಷ್ಟಕ್ಕೇ ಇಟ್ಟುಕೊಳ್ಳುವ ಅವಕಾಶ, ಲಾಭದ ಕಾಲು ಭಾಗ ತೆಗೆದಿಟ್ಟು ಉಳಿದದ್ದು ಹಂಚಿಕೊಳ್ಳಬಹುದು. ಪಟ್ಟಣದಲ್ಲಿ ಒಬ್ಬರ ಮನೆ ಕಥೆ ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ, ಹಾಗಾಗಿ ಪೂರ್ತಿ ಜಾಮೀನು ಕೇಳುವುದು ನ್ಯಾಯವಲ್ಲ. ಅಪ್ಪನ ಪ್ರಶ್ನೆಗೆ ಉತ್ತರ ಇಲ್ಲಿದೆ, ನೋಡಿ. ಊರಿನ ಸೊಸೈಟಿ ಮತ್ತು ಪೇಟೆಯ ಸೊಸೈಟಿ ಹುಟ್ಟುವಾಗಲೇ ಬೇರೆಯಾಗಿದ್ದು ಜಾಮೀನಿನ ವಿಷಯಕ್ಕೆ.

ಈ ಕಾನೂನಿನ ಕೆಳಗೆ 1905ರ ಮೇ 8ರಂದು ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಕೃಷಿ ಪತ್ತಿನ ಸಹಕಾರಿ ಸಂಘ ನೋಂದಣಿಯಾಯಿತು. ಮುಂದೆ ನಿಂತು ಕಟ್ಟಿದವರು ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು. ಆಗ ಗದಗ ಧಾರವಾಡ ಜಿಲ್ಲೆಯಲ್ಲಿ, ಧಾರವಾಡ ಜಿಲ್ಲೆ ಬೊಂಬಾಯಿ ಪ್ರಾಂತ್ಯದಲ್ಲಿ. ನಮ್ಮ ಕಡೆಯ ಯಾರನ್ನು ಕೇಳಿದರೂ ಇದು ಏಷ್ಯಾದಲ್ಲೇ ಮೊದಲನೆಯದು ಅನ್ನುತ್ತಾರೆ. ತಮಿಳುನಾಡಿನವರು ಒಪ್ಪುವುದಿಲ್ಲ. ತಿರುವಳ್ಳೂರು ಹತ್ತಿರದ ತಿರೂರಿನ ಸಂಘ 1904ರದ್ದು ಅನ್ನುತ್ತಾರೆ. ಬರೋಡಾದವರು ಇನ್ನೂ ಹಿಂದೆ ಹೋಗಿ, ಯಾವ ಕಾನೂನೂ ಇಲ್ಲದ 1889ರಲ್ಲೇ ತಮ್ಮ ಅನ್ಯೋನ್ಯ ಸಹಕಾರಿ ಮಂಡಳಿ ಇತ್ತು ಅನ್ನುತ್ತಾರೆ. ಈ ಜಗಳದಲ್ಲಿ ನನಗೆ ಆಸಕ್ತಿ ಇಲ್ಲ. ರೈಲು, ಹತ್ತಿ ಪೇಟೆ, ದಲ್ಲಾಳಿ, ಸಾವ್ಕಾರ ಎಲ್ಲವೂ ಇದ್ದ ಗದಗಿನ ಪಕ್ಕದಲ್ಲೇ ಇದು ಹುಟ್ಟಿತು ಅನ್ನುವುದು ನನಗೆ ಮುಖ್ಯ. 1884ರಲ್ಲಿ ರೈಲು ಬಂದ ಮೇಲೆ ಅಲ್ಲಿಯ ಹತ್ತಿ ಇಲ್ಲಿಯ ಗಿರಣಿಗಳ ಬಾಗಿಲಿಗೇ ಹತ್ತಿರವಾಗಿತ್ತು. ಹತ್ತಿ ಬಂದ ಕಡೆ ನಗದು ಬಂತು, ನಗದು ಬಂದ ಕಡೆ ಸಾಲ ಬಂತು. ಮುಂದೆ ಗದಗ, ಹುಬ್ಬಳ್ಳಿಗಳಲ್ಲಿ ಹತ್ತಿ ಮಾರುವುದಕ್ಕೂ ಸಹಕಾರಿ ಸಂಘಗಳಾದವು.

ಕಣಗಿನಹಾಳದ ಸಂಘವಾಗಿ ಇಪ್ಪತ್ತು ತಿಂಗಳು ತುಂಬುವ ಮೊದಲೇ, 1906ರ ಡಿಸೆಂಬರ್ 27ರಂದು, ಇಲ್ಲಿ ಮುಂಬೈಯಲ್ಲಿ ಅದೇ ಕಾನೂನಿನ ಇನ್ನೊಂದು ಕೂಸು ಹುಟ್ಟಿತು. ಶ್ರೀಪಾದ ಸುಬ್ಬರಾವ್ ತಲ್ಮಕಿ ತಮ್ಮ ಗುರು ಶಾಮರಾವ್ ವಿಠಲ ಕಾಯ್ಕಿಣಿಯವರ ಹೆಸರಿನಲ್ಲಿ ಕಟ್ಟಿದ ಪತ್ತಿನ ಸಂಘ, ಇವತ್ತಿನ ಎಸ್‌ವಿಸಿ ಬ್ಯಾಂಕು. ಕೆನರಾ ಕರಾವಳಿಯಿಂದ ಕೆಲಸ ಹುಡುಕಿ ಬಂದ ಸಾರಸ್ವತ ಕುಟುಂಬಗಳಿಗೆ ಹೊಲ ಇಲ್ಲ, ತಿಂಗಳ ಸಂಬಳ ಇದೆ. ಹಾಗಾಗಿ ಅದು ಪೇಟೆಯ ಪದ್ಧತಿಯ ಸಂಘ. ಆದರೆ ಒಳಗಿನ ಉಪಾಯ ಅದೇ ಅಲ್ವಾ? ಊರಲ್ಲಿ ಓಣಿ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಸಮುದಾಯ ಮಾಡಿತು. ಮುಂಬೈಯ ಮೊಗವೀರರು 1946ರಲ್ಲಿ, ಬಿಲ್ಲವರು 1978ರಲ್ಲಿ ಭಾರತ್ ಬ್ಯಾಂಕಿನ ಮೂಲಕ ಹಿಡಿದದ್ದೂ ಇದೇ ದಾರಿ. 1912ರಲ್ಲಿ ಕಾನೂನು ಬದಲಾಗಿ ಸಾಲದ ಸಂಘಗಳಲ್ಲದೆ ಬೇರೆ ಸಂಘಗಳಿಗೂ ಅವಕಾಶ ಸಿಕ್ಕಿತು. ಅದೇ ತಲ್ಮಕಿಯವರು 1915ರಲ್ಲಿ ಗಾಮದೇವಿಯಲ್ಲಿ ಸಾರಸ್ವತರ ಗೃಹ ಸಹಕಾರಿ ಸಂಘ ಮಾಡಿದರು. ನಮ್ಮ ಡೊಂಬಿವಲಿ ಬಿಲ್ಡಿಂಗಿನ ಸೊಸೈಟಿ ಆ ಸಾಲಿನದು. ಅಂದರೆ ಅಪ್ಪನ ಯೂರಿಯಾ ಸೊಸೈಟಿಗೂ ನನ್ನ ಲಿಫ್ಟ್ ಸೊಸೈಟಿಗೂ ದಾಯಾದಿ ಸಂಬಂಧ. ಎಷ್ಟು ಶೇರಿದ್ದರೂ ಒಬ್ಬರಿಗೆ ಒಂದೇ ಮತ, ವರ್ಷಕ್ಕೊಮ್ಮೆ ಸರ್ವಸಾಧಾರಣ ಸಭೆ, ಮೇಲೊಬ್ಬ ರಿಜಿಸ್ಟ್ರಾರ್. ಎರಡೂ ಕಡೆ ಸಭೆಗೆ ಬಾರದವರೇ ಜಾಸ್ತಿ ಅನ್ನುವುದನ್ನೂ ಸೇರಿಸಿಕೊಳ್ಳಿ.

ಇಲ್ಲಿ ನನ್ನ ಪುತ್ತೂರಿನ ಗೆಳೆಯ ತಡೆದು, ಮೊಳಹಳ್ಳಿ ಶಿವರಾಯರ ಹೆಸರು ಎಲ್ಲಿ ಅಂತ ಕೇಳುತ್ತಾನೆ. ಸರಿಯೇ. ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಅಲ್ಲಿ 1909ರಿಂದ ಪುತ್ತೂರನ್ನು ನಡುವೆ ಇಟ್ಟುಕೊಂಡು ಸಹಕಾರಿ ಸಂಘಗಳನ್ನು ಬೆಳೆಸಿದವರು ಶಿವರಾಯರು. ಅದು ಬೇರೆಯೇ ಲೇಖನಕ್ಕೆ ಆಗುವಷ್ಟು ದೊಡ್ಡ ಕಥೆ.

ಊರಿನ ಸಂಘಕ್ಕೆ ಬೇಗನೆ ಒಂದು ಕೊರತೆ ಕಂಡಿತು. ಬರ ಬಂದರೆ ಇಡೀ ಊರಿಗೇ ಬರುತ್ತದೆ. ಎಲ್ಲರಿಗೂ ಒಂದೇ ತಿಂಗಳಲ್ಲಿ ಸಾಲ ಬೇಕು, ಎಲ್ಲರ ಹತ್ತಿರವೂ ಒಂದೇ ತಿಂಗಳಲ್ಲಿ ದುಡ್ಡು ಇರುವುದಿಲ್ಲ. ಊರಿನ ಉಳಿತಾಯವನ್ನೇ ಊರಿಗೆ ಸಾಲ ಕೊಡುವುದು ಹೊಟ್ಟೆ ತುಂಬುವ ಕೆಲಸವಲ್ಲ. ಹೊರಗಿನಿಂದ ದುಡ್ಡು ತರಲೇಬೇಕು. ಅದಕ್ಕೆ 1911ರಲ್ಲಿ ಮುಂಬೈಯಲ್ಲಿ ವಿಠ್ಠಲದಾಸ್ ಠಾಕರ್ಸಿ ಮತ್ತು ಲಲ್ಲುಭಾಯಿ ಸಾಮಳದಾಸ್ ಒಂದು ಕೇಂದ್ರ ಸಹಕಾರಿ ಬ್ಯಾಂಕು ತೆರೆದರು. ಗಿರಣಿ ಮಾಲೀಕರ, ವ್ಯಾಪಾರಿಗಳ ಊರಿನ ದುಡ್ಡು ಹಳ್ಳಿಗೆ ಹರಿಯುವ ಕೊಳವೆ ಅದು. ವೈಕುಂಠಭಾಯಿ ಮೆಹ್ತಾ ಬಹಳ ವರ್ಷ ಅದನ್ನು ನಡೆಸಿದರು. ಪುಣೆಯ ಸಹಕಾರ ತರಬೇತಿ ಸಂಸ್ಥೆ ಅವರ ಹೆಸರಿನಲ್ಲಿದೆ. 1916ರಲ್ಲಿ ಧಾರವಾಡದಲ್ಲಿ ಕರ್ನಾಟಕ ಸೆಂಟ್ರಲ್ ಕೋ-ಆಪರೇಟಿವ್ ಬ್ಯಾಂಕು ಬಂತು, ನಮ್ಮವರ ಬಾಯಲ್ಲಿ ಕೆಸಿಸಿ ಬ್ಯಾಂಕು. ಹೀಗೆ ಮೂರು ಮೆಟ್ಟಿಲಾಯಿತು. ಮೇಲೆ ಪ್ರಾಂತ್ಯದ ಬ್ಯಾಂಕು, ನಡುವೆ ಜಿಲ್ಲಾ ಬ್ಯಾಂಕು, ಕೆಳಗೆ ಊರ ಸಂಘ. ಇವತ್ತಿಗೂ ಅದೇ ಏಣಿ. ಹೆಸರುಗಳು ಮಾತ್ರ ಬದಲಾಗಿವೆ.

ನನ್ನ ಅಭಿಪ್ರಾಯ ಕೇಳಿದರೆ, ಊರ ಸೊಸೈಟಿಗೆ ಲಾಭವೂ ನಷ್ಟವೂ ಆದದ್ದು ಈ ಕೊಳವೆಯಿಂದಲೇ. ದುಡ್ಡು ನೆರೆಯವನದಾಗಿದ್ದಾಗ ಮುಳುಗಿಸಲು ನಾಚಿಕೆ ಇತ್ತು. ಮೇಲಿನಿಂದ ಬಂದದ್ದು ಅಂತಾದ ಮೇಲೆ ಅದು ಯಾರದ್ದೂ ಅಲ್ಲ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಬೆಳೆಗೆ ಬೆಲೆ ಬಿದ್ದು ಊರೂರಲ್ಲಿ ಬಾಕಿ ಗುಡ್ಡೆ ಬಿತ್ತು. ಆಗ ಅಪರಿಮಿತ ಹೊಣೆಯ ಇನ್ನೊಂದು ಮುಖ ಕಂಡಿತು. ಕಟ್ಟಿದವನೂ ಕಟ್ಟದವನ ಸಾಲಕ್ಕೆ ಸಿಕ್ಕಿಬೀಳುತ್ತಾನೆ. ಉಳ್ಳ ರೈತ ಸಂಘದ ಹತ್ತಿರ ಸುಳಿಯಲಿಲ್ಲ. ಇಲ್ಲದವನಿಗೆ ಸಂಘ ಬಾಗಿಲು ತೆರೆಯಲಿಲ್ಲ. ಹೊಲವೇ ಇಲ್ಲದ ಕೂಲಿಯವರಿಗೆ, ಹೆಂಗಸರಿಗೆ ಇದರಲ್ಲಿ ಮೊದಲಿಂದಲೂ ಜಾಗ ಇಲ್ಲದಂತೆಯೇ ಇತ್ತು. ಅವರ ಪತ್ತನ್ನು ಯಾರೂ ಲೆಕ್ಕಕ್ಕೇ ಹಿಡಿಯಲಿಲ್ಲ. ಎಷ್ಟೋ ಕಡೆ ಸಾವ್ಕಾರನೇ ಬಂದು ಸಂಘದ ಅಧ್ಯಕ್ಷನಾಗಿ ಕುಳಿತ.

ಸ್ವಾತಂತ್ರ್ಯದ ನಂತರ ರಿಸರ್ವ್ ಬ್ಯಾಂಕು ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆ ಮಾಡಿಸಿತು. 1954ರಲ್ಲಿ ಬಂದ ವರದಿಯ ಪ್ರಕಾರ, 1951-52ರಲ್ಲಿ ಹಳ್ಳಿಯವರು ಮಾಡಿದ ಸಾಲದಲ್ಲಿ ಸಹಕಾರಿ ಸಂಘಗಳ ಪಾಲು ಶೇಕಡಾ 3.1. ಸಾವ್ಕಾರರದ್ದು 70ರ ಹತ್ತಿರ. ಐವತ್ತು ವರ್ಷದ ಚಳವಳಿಗೆ ಸಿಕ್ಕ ಅಂಕ ಇಷ್ಟು! ಸಹಕಾರ ಸೋತಿದೆ, ಆದರೂ ಅದು ಗೆಲ್ಲಲೇಬೇಕು ಅನ್ನುವುದು ಆ ಸಮಿತಿಯ ತೀರ್ಮಾನವಾಗಿತ್ತು. ಗೆಲ್ಲಿಸಲು ಹುಡುಕಿದ ದಾರಿ, ಸರ್ಕಾರವೇ ಸಂಘಗಳಲ್ಲಿ ಶೇರು ಹಾಕುವುದು. ಸಂಘದ ವ್ಯಾಪ್ತಿ ಹಿಗ್ಗಿತು. ಹೊಣೆ ಶೇರಿನಷ್ಟಕ್ಕೆ ಸೀಮಿತವಾಯಿತು. ಗೊಬ್ಬರ, ಬೀಜ, ರೇಷನ್ನು ಅಂಗಡಿಗೆ ಬಂದವು. ಇದೇ ಹೊತ್ತಿಗೆ, 1956ರ ನವೆಂಬರ್ 1ರಂದು, ಧಾರವಾಡ ಜಿಲ್ಲೆ ಬೊಂಬಾಯಿಯಿಂದ ಮೈಸೂರು ರಾಜ್ಯಕ್ಕೆ ಬಂತು. ಏಣಿಯ ಮೇಲಿನ ಮೆಟ್ಟಿಲು ಬೆಂಗಳೂರಿಗೆ ಹೋಯಿತು. ಅಲ್ಲಿಗೆ 1959ರ ಸಹಕಾರ ಕಾನೂನು, ಇಲ್ಲಿ ಮಹಾರಾಷ್ಟ್ರಕ್ಕೆ 1960ರದ್ದು. ಆದರೂ ಮುಂಬೈ ಪೂರ್ತಿ ಬಿಟ್ಟುಹೋಗಲಿಲ್ಲ. 1982ರಲ್ಲಿ ಹುಟ್ಟಿದ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕು, ಅಂದರೆ ನಬಾರ್ಡ್‌ನ ಮುಖ್ಯ ಕಚೇರಿ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನಲ್ಲಿದೆ. ನಮ್ಮೂರ ಬೆಳೆಸಾಲಕ್ಕೆ ಮರುಸಾಲ ಅಲ್ಲಿಂದ ಹೊರಡುತ್ತದೆ.

ಹಾಗಾದರೆ ಈಗ ಜಾಮೀನು ಏನಾಯಿತು? ಕಾಗದಕ್ಕೆ ಬಂತು. ಯಾವ ಬೆಳೆಗೆ ಎಕರೆಗೆ ಎಷ್ಟು ಸಾಲ ಅಂತ ಜಿಲ್ಲೆಯಲ್ಲೇ ನಿಗದಿಯಾಗಿರುತ್ತದೆ. ನಿಮ್ಮ ಎಕರೆಯನ್ನು ಅದಕ್ಕೆ ಗುಣಿಸುತ್ತಾರೆ. ಸಾಲದ ಒಂದು ಪಾಲನ್ನು ಶೇರಿಗೆ ಅಂತ ಮುರಿದುಕೊಳ್ಳುತ್ತಾರೆ. ಉತಾರದಲ್ಲಿ ಬೋಜಾ ಕೂಡಿಸುತ್ತಾರೆ, ಅಂದರೆ ಹೊಲದ ಮೇಲೆ ಇಷ್ಟು ಸಾಲ ಇದೆ ಅಂತ ದಾಖಲೆಯಲ್ಲೇ ಬರೆಯುತ್ತಾರೆ. ಸಹಿ ಹಾಕಲು ಇಬ್ಬರು ಬೇಕಾಗಬಹುದು. ನೀನು ನನಗೆ, ನಾನು ನಿನಗೆ. ಯಾರೂ ಯಾರ ಎತ್ತನ್ನೂ ನೋಡಲು ಹೋಗುವುದಿಲ್ಲ.

ವಾಯಿದೆಗೆ ಸರಿಯಾಗಿ ತುಂಬಿದರೆ ಬಡ್ಡಿಯನ್ನು ಸರ್ಕಾರ ಕಟ್ಟುತ್ತದೆ. ಕರ್ನಾಟಕದಲ್ಲಿ 3 ಲಕ್ಷದವರೆಗೆ ಇದ್ದ ಈ ಶೂನ್ಯ ಬಡ್ಡಿಯ ಮಿತಿಯನ್ನು 2023ರ ಬಜೆಟ್ಟಿನಲ್ಲಿ 5 ಲಕ್ಷಕ್ಕೆ ಏರಿಸಿದರು. ಒಂದು ದಿನ ತಪ್ಪಿದರೂ ಕಟಬಾಕಿದಾರ, ಬಡ್ಡಿ ಬೀಳುತ್ತದೆ. ನಡುವೆ ಸಾಲಮನ್ನಾ ಬಂದರೆ ತುಂಬಿದವನು ಪೆದ್ದನಾಗುತ್ತಾನೆ. ಆ ಸಿಟ್ಟನ್ನು ಅಪ್ಪನ ಬಾಯಲ್ಲಿ ಕೇಳಬೇಕು, ಇಲ್ಲಿ ಬರೆಯಲು ಆಗುವುದಿಲ್ಲ. 2022ರಲ್ಲಿ ದೇಶದ 63,000 ಊರ ಸಂಘಗಳಿಗೆ ಕಂಪ್ಯೂಟರ್ ಹಾಕುವ ಕೇಂದ್ರದ ಯೋಜನೆ ಶುರುವಾಯಿತು. ಲೆಕ್ಕದ ಪುಸ್ತಕ ಕಡೆಗೂ ಎಲ್ಲರಿಗೂ ಕಾಣುವಂತಾದರೆ ಸುಪೆಯವರ ಅರ್ಧ ಬೇಡಿಕೆ ಈಡೇರಿದಂತೆ.

ಇನ್ನು ಉಳಿದದ್ದು ಮಾರ್ಚ್ ತಿಂಗಳು. ಹೊಸ ಸಾಲ ಬೇಕಾದರೆ ಹಳೆಯದನ್ನು ಪೂರ್ತಿ ತುಂಬಬೇಕು. ಹತ್ತಿಯ ದುಡ್ಡು ದಲ್ಲಾಳಿಯ ಹತ್ತಿರವೇ ನಿಂತಿರುತ್ತದೆ. ಹಾಗಾಗಿ ಹತ್ತು-ಹದಿನೈದು ದಿನಕ್ಕೆ ಎಲ್ಲಿಂದಲಾದರೂ ದುಡ್ಡು ತಂದು ತುಂಬುವುದು, ಹೊಸ ಸಾಲ ಕೈಗೆ ಬಂದ ಕೂಡಲೇ ತಂದವರಿಗೆ ವಾಪಸ್ ಕೊಡುವುದು. ಪುಣೆ, ಸಾತಾರಾ ಕಡೆ ಇದಕ್ಕೆ ‘ನವೆ-ಜುನೆ’ ಅನ್ನುತ್ತಾರೆ, ಹಳೆಯದು ಹೊಸದಾಯಿತು ಅಂತ. ಈ ಹದಿನೈದು ದಿನದ ದುಡ್ಡಿಗೆ ಕೆಲವರು ಇವತ್ತಿಗೂ ಸಾವ್ಕಾರನ ಹತ್ತಿರವೇ ಹೋಗುತ್ತಾರೆ. ಶೂನ್ಯ ಬಡ್ಡಿಯ ಸಾಲ ಉಳಿಸಿಕೊಳ್ಳಲು ಬಡ್ಡಿಗೆ ಸಾಲ!

ನಮ್ಮ ಮನೆಯಲ್ಲಿ ಆ ಕೆಲಸ ನನ್ನ ಪಾಲಿಗೆ ಬಂದಿದೆ. ಮಾರ್ಚ್ 20 ದಾಟಿದರೆ ತಮ್ಮನ ಫೋನು ಬರುತ್ತದೆ. “ಅಣ್ಣಾ, ಸೊಸೈಟಿದು ತುಂಬೋದೈತಿ.” ಸಂಜೆ ಲೋಕಲ್ಲಿನಲ್ಲಿ ನಿಂತುಕೊಂಡೇ ದುಡ್ಡು ಕಳಿಸುತ್ತೇನೆ. ಏಪ್ರಿಲ್ ಹದಿನೈದರೊಳಗೆ ವಾಪಸ್ ಬರಬೇಕು ಅನ್ನುವುದು ನಮ್ಮ ಮಾತು. ಹೋದ ವರ್ಷ ಮೇ ಆಯಿತು. ಫೋನ್ ಮಾಡಿ ಅಪ್ಪನಿಗೆ ಹೇಳಿದೆ. “ಎತ್ತಿಗೆ ಹಾಕ್ಯಾನ, ನಾನ ನೋಡೇನಿ” ಅಂದರು.